ಜಗಲಿ ಫ್ಯಾನ್ ರಿಪೇರಿ: ಕಂಡೆನ್ಸರ್‌ನಿಂದ ಬೇರಿಂಗ್ ತನಕ

ಮೇ ಕೊನೆಯ ವಾರ

ಜಗಲಿಯ ಫ್ಯಾನ್ ಐದರಲ್ಲಿಟ್ಟರೂ ಎರಡರ ಗಾಳಿ ಕೊಡುತ್ತಿದೆ. ಕಾರವಾರದ ಪಕ್ಕ, ಕಾಳಿ ಹೊಳೆಯ ಆಚೆ ದಡದ ನಮ್ಮ ಸದಾಶಿವಗಡದಲ್ಲಿ ಮಳೆಗಾಲದ ಮುಂಚಿನ ದಿನಗಳು ಹೇಗಿರುತ್ತವೆ ಗೊತ್ತಲ್ವಾ, ಬಿಸಿಲಿಗಿಂತ ಬೆವರಿನ ಕಾಟವೇ ಜಾಸ್ತಿ. ಫ್ಯಾನ್ ಹಳೇದು. 1200 ಮಿ.ಮೀ., ಅಂದರೆ 48 ಇಂಚಿನದು, ಮೂರು ರೆಕ್ಕೆ. ಈಚೆಗೆ ಕರಕರ ಸದ್ದೂ ಶುರುವಾಗಿದೆ. "ಹೊಸ್ದೇ ತಕಂಡು ಬಾರೋ ತಮಾ" ಅಂತ ಆಯಿ ತೀರ್ಪು ಕೊಟ್ಟಾಯಿತು. ಬಿಚ್ಚಿ ನೋಡದೆ ಬಿಸಾಡುವುದು ನನಗೆ ಆಗದ ಮಾತು.

ಫ್ಯಾನ್ ನಿಧಾನ ಆದರೆ ಎಲ್ಲರ ಬಾಯಲ್ಲೂ ಒಂದೇ ಔಷಧಿ: ಕಂಡೆನ್ಸರ್ ಬದಲಾಯಿಸಿ. ಹೆಚ್ಚಿನ ಸಲ ಅದು ಸರಿಯೇ. ಆದರೆ ಕಡಲ ಬದಿಯ ಮನೆಗಳಲ್ಲಿ ಅಷ್ಟಕ್ಕೇ ಮುಗಿಯುವುದು ಕಡಿಮೆ. ಹಾಗಾಗಿ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆ. ರೆಗ್ಯುಲೇಟರ್ ಬಿಟ್ಟು ನೇರ ಸ್ವಿಚ್ಚಿಗೆ ಕೊಟ್ಟು ನೋಡಿದೆ, ವೇಗ ಬದಲಾಗಲಿಲ್ಲ. ಅಲ್ಲಿಗೆ ರೆಗ್ಯುಲೇಟರ್ ಪಾರು. ಎರಡನೆಯದು, ಕರೆಂಟ್ ತೆಗೆದು ರೆಕ್ಕೆಯನ್ನು ಕೈಯಲ್ಲಿ ಮೆಲ್ಲಗೆ ದೂಡಿ ಬಿಡುವುದು. ಚೆನ್ನಾಗಿರುವ ಫ್ಯಾನ್ ಬೇಸರ ಬರುವಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ನಮ್ಮದು ಒಂದೆರಡು ಸುತ್ತು ಹಾಕಿ, ಮರಳು ಸಿಕ್ಕಿಕೊಂಡ ಹಾಗೆ ತಡೆದು ನಿಂತಿತು. ಕಂಡೆನ್ಸರ್ ಹೋದರೆ ಹೀಗೆ ಆಗುವುದಿಲ್ಲ. ಇದು ಬೇರಿಂಗ್, ಅಂದರೆ ಫ್ಯಾನ್ ಹಗುರ ತಿರುಗಲು ಒಳಗಿರುವ ಗುಂಡುಗಳ ಉಂಗುರದ ತೊಂದರೆ.

ವೇಗ ಅಳೆಯಲು ಒಂದು ರೆಕ್ಕೆಗೆ ಕೆಂಪು ಟೇಪ್ ಅಂಟಿಸಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು, ಟೇಪ್ ಎಷ್ಟು ಸಲ ಬಂತು ಅಂತ ಎಣಿಸಿದೆ. ನಿಮಿಷಕ್ಕೆ 210ರ ಆಸುಪಾಸು. ಈ ಅಳತೆಯ ಫ್ಯಾನ್ 350 ದಾಟಬೇಕು.

ಕಂಡೆನ್ಸರ್

ಏಣಿ ಹತ್ತುವ ಮೊದಲು ಒಂದು ಮಾತು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ನಂಬಬೇಡಿ. ಹಳೇ ವೈರಿಂಗಿನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುವ ಮನೆಗಳೂ ಇವೆ. ಅಂಥಲ್ಲಿ ಫ್ಯಾನ್ ನಿಂತಿರುತ್ತದೆ, ವೈರು ಹೊಡೆಯುತ್ತದೆ. ಮೇನ್ ಎಂಸಿಬಿಯನ್ನೇ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಕೈ ಹಾಕಿ.

ರಾಡಿಗೆ ಹಾಕಿದ ಕಪ್, ಅಂದರೆ ಬಟ್ಟಲಿನಂಥ ಮುಚ್ಚಳ, ಇಳಿಸಿದರೆ ಕಂಡೆನ್ಸರ್ ಕಾಣುತ್ತದೆ. ಮೇಲೆ 2.5 ಎಂಎಫ್‌ಡಿ (ಮೈಕ್ರೋಫ್ಯಾರಡ್, ಚಾರ್ಜ್ ಹಿಡಿಯುವ ಶಕ್ತಿಯ ಅಳತೆ), 440 ವೋಲ್ಟ್ ಎಂದು ಬರೆದಿದೆ. ಇನ್ಸುಲೇಶನ್ ಇರುವ ಸ್ಕ್ರೂಡ್ರೈವರಿನಿಂದ ಎರಡೂ ತುದಿ ಮುಟ್ಟಿಸಿ ಉಳಿದ ಚಾರ್ಜ್ ತೆಗೆದು ಮೀಟರಿಗೆ ಹಾಕಿದರೆ 1.6 ತೋರಿಸಿತು.

ಇದು ಯಾಕೆ ಇಳಿಯುತ್ತದೆ ಅನ್ನುವುದು ಮಜಾ ಇದೆ. ಒಳಗಿರುವುದು ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಇನ್ನೂ ತೆಳ್ಳಗೆ ಲೋಹದ ಲೇಪ. ಎಲ್ಲಾದರೂ ಸಣ್ಣ ಶಾರ್ಟ್ ಆದರೆ ಆ ಚುಕ್ಕೆಯಷ್ಟು ಲೇಪ ಸುಟ್ಟು ಹಾರಿಹೋಗುತ್ತದೆ, ಉಳಿದ ಭಾಗ ಕೆಲಸ ಮುಂದುವರಿಸುತ್ತದೆ. ಹೀಗೆ ಚುಕ್ಕೆ ಚುಕ್ಕೆಯಾಗಿ ವರ್ಷಗಟ್ಟಲೆ ಸವೆಯುತ್ತದೆ. ಹಾಗಾಗಿಯೇ ಫ್ಯಾನ್ ಒಂದೇ ದಿನಕ್ಕೆ ನಿಲ್ಲುವುದಿಲ್ಲ, ನಮಗೆ ಗೊತ್ತಾಗದ ಹಾಗೆ ಸೋಮಾರಿ ಆಗುತ್ತಾ ಬರುತ್ತದೆ. ಮೋಟರಿನಲ್ಲಿ ರನ್ನಿಂಗ್, ಸ್ಟಾರ್ಟಿಂಗ್ ಅಂತ ಎರಡು ಸುರುಳಿ. ಒಂದರ ಕರೆಂಟನ್ನು ಇನ್ನೊಂದಕ್ಕಿಂತ ಸ್ವಲ್ಪ ಮುಂದೆ ಓಡಿಸುವುದು ಕಂಡೆನ್ಸರಿನ ಕೆಲಸ. ಆ ವ್ಯತ್ಯಾಸವೇ ಮೋಟರನ್ನು ತಿರುಗಿಸುವುದು.

ಸಂಜೆ ಕಾರವಾರ ಪೇಟೆಗೆ ಹೋದೆ. ಹಳೇ ಕಾಳಿ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಹೊಳೆಗೆ ಬಿದ್ದಮೇಲೆ ಹೊಸ ಸೇತುವೆಯೇ ಗತಿ. ಅಂಗಡಿಯವರು "3.15 ಹಾಕಿ, ಗಾಳಿ ಜೋರು ಬರ್ತದೆ" ಅಂದರು. ಬೇಡ ಅಂದೆ. ದೊಡ್ಡ ಕಂಡೆನ್ಸರ್ ಹಾಕಿದರೆ ಸ್ಟಾರ್ಟಿಂಗ್ ಸುರುಳಿಯಲ್ಲಿ ಕರೆಂಟ್ ಜಾಸ್ತಿ ಹರಿದು ಮೋಟರ್ ಕಾಯುತ್ತದೆ. ಒಂದು ಬೇಸಿಗೆ ಜೋರಾಗಿ ತಿರುಗಿ ಮುಂದಿನ ಬೇಸಿಗೆಗೆ ರಿವೈಂಡಿಂಗ್ ಅಂಗಡಿ ಸೇರುವ ಫ್ಯಾನ್ ಯಾರಿಗೆ ಬೇಕು? ಕಂಪನಿ ಬರೆದ ಅಂಕೆಯನ್ನೇ ತಂದೆ, ಐವತ್ತು ರೂಪಾಯಿಯೊಳಗೆ ಆಯಿತು.

ಹಾಕಿದ ಮೇಲೆ ಟೇಪ್ ಲೆಕ್ಕ 300 ತನಕ ಬಂತು. ಕರಕರ ಮಾತ್ರ ಹಾಗೇ ಇದೆ.

ಇಳಿಸಿದ್ದು

ಮಳೆ ಶುರುವಾಗಿ ಸೆಕೆ ತುಸು ಇಳಿದಮೇಲೆ ಕೈ ಹಾಕಿದೆ. ಮೊದಲು ರೆಕ್ಕೆ. ಯಾವ ರೆಕ್ಕೆ ಯಾವ ಜಾಗದ್ದು ಅಂತ ಪೆನ್ನಿನಲ್ಲಿ 1, 2, 3 ಬರೆದುಕೊಂಡೆ. ಆಮೇಲೆ ವೈರುಗಳ ಫೋಟೋ. ಬಾಜೂಮನೆ ಮಾವ ಕೆಳಗಿನಿಂದ ಮೋಟರ್ ಹಿಡಿದುಕೊಂಡರು, ನಾನು ಮೇಲೆ ಬೋಲ್ಟ್ ಬಿಚ್ಚಿದೆ.

ಇಲ್ಲಿ ಎದೆ ಧಸಕ್ಕೆಂದಿತು. ತೊಲೆಯ ಕೊಕ್ಕೆಗೆ ಫ್ಯಾನ್ ನೇತುಹಾಕುವ ಬೋಲ್ಟಿಗೆ ಒಂದು ಸ್ಪ್ಲಿಟ್ ಪಿನ್ ಇರುತ್ತದೆ, ಬೋಲ್ಟ್ ಜಾರಬಾರದು ಅಂತ. ಅದು ಪಿನ್ ಆಗಿ ಉಳಿದಿರಲಿಲ್ಲ. ಇಕ್ಕಳದಲ್ಲಿ ಹಿಡಿದ ಕೂಡಲೇ ಪದರ ಪದರವಾಗಿ ಉದುರಿ, ಅಂಗೈಯಲ್ಲಿ ಕಂದು ಪುಡಿ ಉಳಿಯಿತು. ಕೊಕ್ಕೆಗೆ ಸುತ್ತಿದ ರಬ್ಬರ್ ಗಾಲಿ ಕಲ್ಲಾಗಿ ಸೀಳಿತ್ತು. ನಮ್ಮ ತಲೆಯ ಮೇಲೆ ತಿರುಗುತ್ತಿದ್ದ ನಾಲ್ಕೈದು ಕಿಲೋ ಭಾರವನ್ನು ಹಿಡಿದಿದ್ದು ತುಕ್ಕು ಹಿಡಿದ ಆ ನಟ್ ಒಂದೇ. ಕಡಲ ಬದಿಯವರಿಗೆ ಇದೊಂದು ಹೇಳುತ್ತೇನೆ: ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದರೂ ವರ್ಷಕ್ಕೊಮ್ಮೆ ಮೇಲಿನ ಕಪ್ ಇಳಿಸಿ ಪಿನ್ ನೋಡಿ. ಹೊಸ ಪಿನ್, ಬೋಲ್ಟ್, ರಬ್ಬರ್ ಎಲ್ಲಾ ಸೇರಿದರೂ ಒಂದು ಊಟದ ದುಡ್ಡಾಗುವುದಿಲ್ಲ.

ಮೋಟರ್ ಡಬ್ಬಿಯ ಸ್ಕ್ರೂಗಳು ಜಗ್ಗಲಿಲ್ಲ. ಅಲ್ಯೂಮಿನಿಯಂ ಡಬ್ಬಿ, ಕಬ್ಬಿಣದ ಸ್ಕ್ರೂ, ನಡುವೆ ಉಪ್ಪಿನ ಪಸೆ. ಎರಡು ಬೇರೆ ಲೋಹ ಹೀಗೆ ಒದ್ದೆಯಲ್ಲಿ ಕೂಡಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಿರುಗಿಸಿದರೆ ಬಂತು. ಎರಡೂ ಮುಚ್ಚಳದ ಮೇಲೆ ಮೊಳೆಯಿಂದ ಒಂದು ಗೀರು ಎಳೆದುಕೊಂಡೆ, ವಾಪಸ್ ಅದೇ ಜಾಗಕ್ಕೆ ಕೂರಬೇಕಲ್ಲ.

ಸೀಲಿಂಗ್ ಫ್ಯಾನಿನಲ್ಲಿ ಶಾಫ್ಟ್ ತಿರುಗುವುದಿಲ್ಲ, ಹೊರಗಿನ ಡಬ್ಬಿಯೇ ತಿರುಗುವುದು. ಸುರುಳಿಗಳು ಶಾಫ್ಟಿಗೆ ಕಚ್ಚಿಕೊಂಡು ಒಳಗೆ ಸುಮ್ನೆ ಕೂತಿರುತ್ತವೆ. ನಮ್ಮ ಸುರುಳಿಗೆ ಏನೂ ಆಗಿಲ್ಲ, ವಾರ್ನಿಶ್ ಹೊಳಪೂ ಉಳಿದಿದೆ. ಮೂರು ವೈರುಗಳ ನಡುವೆ ಮೀಟರ್ ಹಿಡಿದೆ: 150, 170, 320 ಓಮ್ ಹತ್ತಿರ. ಎರಡು ಸಣ್ಣ ಅಂಕೆ ಕೂಡಿದರೆ ದೊಡ್ಡದು ಬರಬೇಕು, ಬಂತು. ದೊಡ್ಡ ಅಂಕೆ ತೋರಿಸಿದ ಎರಡು ವೈರಿನ ನಡುವೆಯೇ ಕಂಡೆನ್ಸರ್ ಬರುವುದು, ಉಳಿದದ್ದು ಎರಡೂ ಸುರುಳಿಗೆ ಸೇರಿದ ಕಾಮನ್ ವೈರು. ಫೋಟೋ ತೆಗೆಯಲು ಮರೆತವರಿಗೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಬೇರಿಂಗ್

ಬೇರಿಂಗಿನ ಅಂಚಿನಲ್ಲೇ ನಂಬರ್ ಇರುತ್ತದೆ. ನಮ್ಮದು ಒಂದು 6202, ಇನ್ನೊಂದು 6201. 6202 ಅಂದರೆ ಒಳಗಿನ ತೂತು 15 ಮಿ.ಮೀ., ಹೊರಗಿನ ಅಳತೆ 35. ಮೇಲಿನದರ ಗ್ರೀಸ್ ಒಣಗಿ ತುಕ್ಕಿನ ಜೊತೆ ಗಟ್ಟಿಯಾಗಿತ್ತು. ಕಿವಿಗೆ ಹಿಡಿದು ತಿರುಗಿಸಿದರೆ ಅದೇ ಕರಕರ.

ನನ್ನ ಅಂದಾಜು, ಇದನ್ನು ಹಾಳು ಮಾಡಿದ್ದು ತಿರುಗಿಸಿದ ಬೇಸಿಗೆಯಲ್ಲ, ತಿರುಗಿಸದ ಮಳೆಗಾಲ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಹತ್ತಿರ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಗಲಿ ಫ್ಯಾನಿಗೆ ರಜೆ. ನಿಂತ ಬೇರಿಂಗಿನಲ್ಲಿ ಗುಂಡುಗಳು ಒಂದೇ ಜಾಗದಲ್ಲಿ ಕೂತು, ಆ ಜಾಗಕ್ಕೇ ತುಕ್ಕು ಹತ್ತುತ್ತದೆ. ದಿನಾ ಸ್ವಲ್ಪ ಹೊತ್ತು ತಿರುಗಿಸಿದರೆ ಗ್ರೀಸ್ ಹರಡಿಕೊಂಡಿರುತ್ತದೆ.

ಹೊಸದಕ್ಕೆ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನು ಕೇಳಿ ತಂದೆ. ಬರೇ ತಗಡಿನ ಮುಚ್ಚಳದ್ದು ಸ್ವಲ್ಪ ಹಗುರ ತಿರುಗುತ್ತದೆ, ಆದರೆ ನಮ್ಮ ಗಾಳಿಗೆ ರಬ್ಬರೇ ಸೈ. ಹಳೇದನ್ನು ಕೀಳಲು ಗ್ಯಾರೇಜಿನಿಂದ ಪುಲ್ಲರ್ ಇಸಕೊಂಡೆ. ಕೂರಿಸುವಾಗ ಒಂದು ಎಚ್ಚರ: ಶಾಫ್ಟಿಗೆ ಹಾಕುವಾಗ ಒಳಗಿನ ಉಂಗುರದ ಮೇಲೆ ಮಾತ್ರ ಪೆಟ್ಟು ಬೀಳಬೇಕು. ಹೊರಗಿನ ಉಂಗುರಕ್ಕೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗ್ ಅಂದೇ ಗಾಯ ಮಾಡಿಕೊಳ್ಳುತ್ತದೆ. ಸರಿಯಾದ ಅಳತೆಯ ಪೈಪಿನ ತುಂಡು ಇದ್ದರೆ ಕೆಲಸ ಸಲೀಸು.

ಮುಚ್ಚುವ ಮೊದಲು ಸುರುಳಿ ಇರುವ ಭಾಗವನ್ನು ರಟ್ಟಿನ ಪೆಟ್ಟಿಗೆಯಲ್ಲಿ ನೂರು ವ್ಯಾಟಿನ ಹಳೇ ಬಲ್ಬಿನ ಪಕ್ಕ, ರಟ್ಟಿಗೆ ತಾಗದ ಹಾಗೆ ಇಟ್ಟು ಒಣಗಿಸಿದೆ. ಹೊರಗೆ ಮಳೆ, ಬಿಸಿಲಿನ ಮುಖ ಕಾಣುವ ಹಾಗಿಲ್ಲ. ಆಮೇಲೆ ರಿವೈಂಡಿಂಗ್ ಅಂಗಡಿಗೆ ಒಯ್ದು 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಿಡಿಸಿದೆ, ಡಬ್ಬಿಗೆ ಕರೆಂಟ್ ಸೋರಿಕೆ ಇಲ್ಲ. ಸಾದಾ ಮೀಟರಿಗೆ ಇದು ಸಿಗುವುದಿಲ್ಲ.

ವಾಪಸ್ ತೊಲೆಗೆ

ಎಲ್ಲಾ ಸ್ಕ್ರೂಗೂ ಗ್ರೀಸ್ ಸವರಿ ಬಿಗಿದೆ, ಮುಂದಿನ ಸಲ ಬಿಚ್ಚುವವನಿಗೆ ಉಪಕಾರ. ರೆಕ್ಕೆಗಳನ್ನು ಸೋಪಿನ ನೀರಲ್ಲಿ ತೊಳೆದು ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ ಮೂರೂ ಹೆಚ್ಚುಕಡಿಮೆ ಸಮ. ಆದರೂ ಹಾಕಿದಾಗ ಸ್ವಲ್ಪ ತೂಗಾಡಿತು. ಏಣಿಗೆ ಒಂದು ಕೋಲು ಕಟ್ಟಿ, ರೆಕ್ಕೆಗಳನ್ನು ಒಂದೊಂದಾಗಿ ಅದರ ಎದುರು ತಂದು ನೋಡಿದೆ. ಎರಡನೆಯದರ ತುದಿ ಬೆರಳಗಲ ಕೆಳಗೆ. ಅದರ ತೋಳನ್ನು ಮೆಲ್ಲಗೆ ಮೇಲೆತ್ತಿ ಬಗ್ಗಿಸಿದ ಮೇಲೆ ತೂಗಾಟ ನಿಂತಿತು. ಕೆಂಪು ಟೇಪ್ ಲೆಕ್ಕ ಈಗ 360. ಸದ್ದಿಲ್ಲ.

ಭಾವ ಬಂದವನು "ಬಿಎಲ್‌ಡಿಸಿ ಹಾಕೋದು ಬಿಟ್ಟು ಇದೆಂತ ಒದ್ದಾಟ ಮಾರಾಯಾ" ಅಂದ. ಬಿಎಲ್‌ಡಿಸಿ ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಫ್ಯಾನ್. ಅವನ ಮಾತಲ್ಲಿ ಹುರುಳಿದೆ. ಹಳೇದು 70-75 ವ್ಯಾಟ್ ಎಳೆಯುತ್ತದೆ, ಹೊಸದು 30ರ ಆಸುಪಾಸು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ. ದಿನಕ್ಕೆ ಹತ್ತು ತಾಸು ಹಾಕಿದರೆ ವರ್ಷಕ್ಕೆ 150 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಆ ಉಳಿತಾಯ ಜೇಬಿನಲ್ಲಿ ಕಾಣುವುದಿಲ್ಲ, ಅದು ಬೇರೆ ಮಾತು. ನನ್ನ ಅಡ್ಡಿ ಇನ್ನೊಂದು: ಬಿಎಲ್‌ಡಿಸಿ ಹೊಟ್ಟೆಯಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಇದೆ. ಸ್ಪ್ಲಿಟ್ ಪಿನ್ನನ್ನೇ ಪುಡಿ ಮಾಡಿದ ಗಾಳಿ ಆ ಬೋರ್ಡನ್ನು ಬಿಟ್ಟೀತಾ? ಮಲಗುವ ಕೋಣೆಗೆ ಒಂದು ತಂದು ನೋಡುವ ಆಲೋಚನೆ ಇದೆ.

ಸದ್ಯ ಬಾಕಿ ಇರುವುದು ರಾಡ್. ಕಪ್ ಮುಚ್ಚುವ ಜಾಗದಲ್ಲಿ ಬಣ್ಣ ಎದ್ದಿದೆ, ಕೆರೆದು ರೆಡ್ ಆಕ್ಸೈಡ್ ಹೊಡೆಯಬೇಕು. ಬಾಜೂಮನೆ ಮಾವ ಆ ದಿನವೇ ಮನೆಗೆ ಹೋಗಿ ತಮ್ಮ ಫ್ಯಾನಿನ ಕಪ್ ಇಳಿಸಿ ನೋಡಿದ್ದಾರೆ. ಅವರಲ್ಲಿ ಪಿನ್ನೇ ಇಲ್ಲವಂತೆ, ಯಾರೋ ಮೊಳೆ ಬಗ್ಗಿಸಿ ಹಾಕಿದ್ದಾರೆ. ಭಾನುವಾರ ಏಣಿ ಅಲ್ಲಿಗೆ.