1837ಕ್ಕೂ ಹಿಂದಿನ ಜನನ: ಇಂಗ್ಲೆಂಡಿನ ಚರ್ಚ್ ದಾಖಲೆಗಳಲ್ಲಿ ಹುಡುಕುವ ಬಗೆ

ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕೂ ಹಿಂದಿನವರಿಗೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು-ಕೇರಿ) ಚರ್ಚಿನ ಪುಸ್ತಕವೇ ಗತಿ. ಅದರಲ್ಲಿರುವುದು ಸಾಮಾನ್ಯವಾಗಿ ದೀಕ್ಷಾಸ್ನಾನದ (ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ವಿಧಿ) ದಿನ, ಹುಟ್ಟಿದ ದಿನವಲ್ಲ. ಐದಾರು ವರ್ಷದ ಮಗುವಿಗೆ ತಮ್ಮ-ತಂಗಿಯರ ಜೊತೆಗೇ ದೀಕ್ಷೆ ಕೊಡಿಸಿದ್ದೂ ಉಂಟು.

ಮೊದಲು 1851ರ ಅಥವಾ ನಂತರದ ಜನಗಣತಿ ನೋಡಿ. ಹುಟ್ಟಿದ ಪ್ಯಾರಿಷ್ ಅಲ್ಲಿ ಸಿಗುತ್ತದೆ. 1841ರದ್ದರಲ್ಲಿ ತಾವಿದ್ದ ಕೌಂಟಿಯಲ್ಲೇ (ನಮ್ಮ ಜಿಲ್ಲೆಯಂಥದ್ದು) ಹುಟ್ಟಿದವರೋ ಅಲ್ಲವೋ ಎಂಬುದಷ್ಟೇ. ಆಮೇಲೆ ಆ ಕೌಂಟಿಯ ದಾಖಲೆ ಕಚೇರಿಯಲ್ಲಿ ಆ ಪ್ಯಾರಿಷ್‌ನ ಪುಸ್ತಕ ಹುಡುಕಿ. ದೀಕ್ಷಾಸ್ನಾನದ ಪುಸ್ತಕಕ್ಕೆ 1813ರಿಂದ ಅಚ್ಚಾದ ನಮೂನೆ ಬಂತು: ತಂದೆತಾಯಿಯ ಹೆಸರು, ವಾಸಸ್ಥಳ, ತಂದೆಯ ಕಸುಬು. ಅದಕ್ಕೆ ಮುಂಚೆ ಎಲ್ಲವೂ ಪಾದ್ರಿಯ ಮರ್ಜಿ; ತಾಯಿಯ ಹೆಸರೇ ಇಲ್ಲದಿರಬಹುದು.

ಎಡವುವುದು ಹೆಚ್ಚಾಗಿ ಇಸವಿಯಲ್ಲಿ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1720ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1721. ಟಿಪ್ಪಣಿಯಲ್ಲಿ 1720/21 ಎಂದೇ ಬರೆದಿಡಿ, ಇಲ್ಲವಾದರೆ ಮದುವೆಗೂ ಮುಂಚೆ ಮಗು ಹುಟ್ಟಿದಂತೆ ಕಂಡೀತು!

ಪುಟ ಹರಿದಿದ್ದರೆ ಬಿಷಪ್ಪರಿಗೆ ವರ್ಷವರ್ಷ ಕಳಿಸುತ್ತಿದ್ದ ಪ್ರತಿ ಹುಡುಕಿ. ಹೆಸರು ಸಿಕ್ಕರೂ ಹಿಗ್ಗಬೇಡಿ. ಮಣ್ಣುಮಾಡಿದವರ ಪಟ್ಟಿಯನ್ನೂ ನೋಡಿ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ರೂಢಿಯಿತ್ತು.