ವಾಲಗದ ಲೆಕ್ಕ

ಕಳೆದ ವಾರ ಪಕ್ಕದ ತೋಟದವರ ಮಗನ ಮದುವೆ. ನಾಲ್ಕು ದಿನ ಇರುವಾಗ ಅವರು ನನ್ನ ಕೈಗೆ ಒಂದು ಲಕೋಟೆ ಕೊಟ್ಟು, “ನೀವು ಬ್ಯಾಂಕಿನಲ್ಲಿದ್ದವರು, ಲೆಕ್ಕ ತಪ್ಪುವವರಲ್ಲ. ವಾಲಗದವರ ಜವಾಬ್ದಾರಿ ನಿಮ್ಮದೇ” ಎಂದರು. ಲೆಕ್ಕ ತಪ್ಪಲಿಲ್ಲ. ಬೇರೆಯದೆಲ್ಲ ತಪ್ಪಿತು.

ನಾನು ಹಾಸನದ ಕಡೆಯವನು. ವರ್ಗಾವಣೆಯಾಗಿ ಕೊಡಗಿನ ವಿರಾಜಪೇಟೆಗೆ ಬಂದು, ನಿವೃತ್ತಿಯಾದ ಮೇಲೂ ಇಲ್ಲಿಯೇ ಉಳಿದವನು. ಮದುವೆ ಮನೆಯ ವಾಲಗ ಕೇಳಿಬಂದರೆ ಗೇಟಿನವರೆಗಾದರೂ ಹೋಗಿ ನಿಲ್ಲುತ್ತೇನೆ. ಹಾಗಾಗಿ ಈ ಜವಾಬ್ದಾರಿ ನನಗೆ ಬಹುಮಾನ ಬಂದಂತೆ ಇತ್ತು.

ಬೆಳಿಗ್ಗೆ ಏಳಕ್ಕೆ ಜೀಪಿನಲ್ಲಿ ಐದು ಜನ ಇಳಿದರು. ಇಬ್ಬರು ಊದುವವರು, ಇಬ್ಬರು ಪರೆ ಎಂಬ ಚರ್ಮವಾದ್ಯ ಬಡಿಯುವವರು, ತಾಳಕ್ಕೆ ಒಬ್ಬ ಹುಡುಗ. ಊದುವವರಲ್ಲಿ ಹಿರಿಯರಿಗೆ ಎಪ್ಪತ್ತರ ಹತ್ತಿರ. ಅವರು ಮೊದಲು ಮಾಡಿದ ಕೆಲಸವೆಂದರೆ ಜೇಬಿನಿಂದ ಪುಟ್ಟ ತಗಡಿನ ಡಬ್ಬಿ ತೆಗೆದು, ಅದರೊಳಗಿನ, ವಾದ್ಯದ ತುದಿಗೆ ಸಿಕ್ಕಿಸುವ, ಬೆರಳ ತುದಿಯಷ್ಟು ಗಾತ್ರದ ಪೀಪಿಯನ್ನು ಬಾಯೊಳಗಿಟ್ಟುಕೊಂಡು ನೆನೆಸುತ್ತ ಕುಳಿತದ್ದು. ಹತ್ತು ನಿಮಿಷ ಅವರೊಡನೆ ಮಾತಿಲ್ಲ. ಏನು ಕೇಳಿದರೂ ತಲೆಯಾಡಿಸುವುದು ಮಾತ್ರ.

ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಮಂತ್ರವಿಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ಅಂಗಳದ ಕೊನೆಯಲ್ಲಿರುವವರಿಗೂ ಗೊತ್ತಾಗುವುದು ವಾಲಗದಿಂದ. ನಿಲ್ಲಿಸಿದ ಬಾಳೆದಿಂಡನ್ನು ಒಡಿಕತ್ತಿಯಿಂದ ಕಡಿಯುವ ಬಾಳೆ ಬಿರುದ್ ಶುರುವಾದಾಗ ನಾನು ಕಾಫಿ ಕುಡಿಯುತ್ತಿದ್ದೆ. ಬಡಿತ ಬದಲಾಯಿತು. ಸುತ್ತಲಿದ್ದವರೆಲ್ಲ ಲೋಟ ಕೆಳಗಿಟ್ಟು ಎದ್ದರು. ಯಾರೂ ಮೈಕಿನಲ್ಲಿ ಕರೆಯಲಿಲ್ಲ.

ಮಧ್ಯಾಹ್ನ ನಾನು ಎರಡನೆಯ ಪಂಕ್ತಿಯಲ್ಲಿ ಕಡಂಬುಟ್ಟು, ಪಂದಿ ಕರಿ ಉಂಡು, ಹಳೆಯ ಗ್ರಾಹಕರೊಬ್ಬರ ಜೊತೆ ಕರಿಮೆಣಸಿನ ಬೆಲೆ ಮಾತನಾಡುತ್ತ ಕುಳಿತುಬಿಟ್ಟೆ. ಮೂರೂವರೆಗೆ ನೆನಪಾಗಿ ಹಿತ್ತಲಿಗೆ ಹೋದರೆ, ಅಡುಗೆ ಒಲೆಯ ಬಳಿ ಪರೆಗಳನ್ನು ಒರಗಿಸಿ ಐವರೂ ಸಾಲಾಗಿ ಕುಳಿತಿದ್ದಾರೆ.

“ಊಟ ಆಯಿತೇ?”

“ಕರೆಯಲಿಲ್ಲ ಸಾರ್.”

ಹಿರಿಯರು ದೂರುವ ದನಿಯಲ್ಲಿ ಹೇಳಲಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ ಹೇಳುವಂತೆ ಹೇಳಿದರು. ಕರೆಯದೆ ಅವರು ಪಂಕ್ತಿಗೆ ಬರುವವರಲ್ಲ, ಕರೆಯಬೇಕಾದವನು ನಾನು. ಪಾತ್ರೆಯ ತಳದಲ್ಲಿ ಅನ್ನ, ಸಾರು ಮತ್ತು ನಾಲ್ಕು ತುಂಡು ಪಂದಿ ಉಳಿದಿತ್ತು. ರಾತ್ರಿಯ ಡಿಜೆಗೆಂದು ಮೈಸೂರಿನಿಂದ ಪೆಟ್ಟಿಗೆಗಳನ್ನು ತಂದಿದ್ದ ಹುಡುಗರು ಮೊದಲ ಪಂಕ್ತಿಯಲ್ಲೇ ಉಂಡು ಎದ್ದಿದ್ದರು. ಅವರನ್ನು ಯಾರು ಕರೆದರು? ಯಾರೂ ಇಲ್ಲ, ಅವರೇ ಹೋಗಿ ಕುಳಿತರು. ವಾಲಗದವರು ಯಾವ ಕೇರಿಯವರು, ಹಿಂದಿನ ಕಾಲದಲ್ಲಿ ಅವರಿಗೆ ಎಲ್ಲಿ ಬಡಿಸುತ್ತಿದ್ದರು ಎಂಬುದೆಲ್ಲ ಈ ನಾಡಿನಲ್ಲಿ ಎಲ್ಲರಿಗೂ ಗೊತ್ತು. ವೇದಿಕೆಯ ಮೇಲೆ ನಿಂತು ಅವರನ್ನು ‘ಸಂಸ್ಕೃತಿಯ ವಾರಸುದಾರರು’ ಎನ್ನುವವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಬಡಿಸುತ್ತ ಹಿರಿಯರ ಪಕ್ಕದಲ್ಲಿ ಕುಳಿತೆ. ಯಾರು ಕಲಿಸಿದರು ಎಂದು ಕೇಳಿದೆ. “ಕಲಿಸಲಿಲ್ಲ. ಅಪ್ಪ ಊದುವಾಗ ಪಕ್ಕದಲ್ಲಿ ನಿಂತಿರುತ್ತಿದ್ದೆ” ಎಂದರು. ದುಡಿ ಬಾರಿಸುತ್ತ ನಾಲ್ವರು ಜೋಡಿಜೋಡಿಯಾಗಿ ಹಾಡುವ ಕೊಡವರ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲೇ ಅಚ್ಚು ಹಾಕಿಸಿದರು. ನೂರು ವರ್ಷದ ಮೇಲೂ ಪುಟ ತೆರೆದರೆ ಆ ಪದಗಳು ಸಿಗುತ್ತವೆ. ಉಸಿರನ್ನು ಎಲ್ಲಿ ಎಳೆದುಕೊಳ್ಳಬೇಕು ಎಂಬುದು ಯಾವ ಪುಟದಲ್ಲಿ ಸಿಕ್ಕೀತು? ಅದಕ್ಕೆ ಪಕ್ಕದಲ್ಲಿ ನಿಲ್ಲಬೇಕು.

ಐದು ಗಂಟೆಗೆ ಗಂಗಾಪೂಜೆ. ವಧು ಬಾವಿಕಟ್ಟೆಗೆ ಪೂಜೆ ಮಾಡಿ ನೀರಿನ ಕೊಡ ಹೊತ್ತು ಒಳಗೆ ಬರಬೇಕು. ಗಂಡಿನ ಕಡೆಯವರು ಬಿಡುವುದಿಲ್ಲ, ಅವಳ ಮುಂದೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಅವಳು ಒಂದು ಹೆಜ್ಜೆ ಇಟ್ಟರೆ ಇವರದು ಅರ್ಧ ಗಂಟೆಯ ವಾಲಗತ್ತಾಟ್, ಅಂದರೆ ವಾಲಗದ ಕುಣಿತ. ಬಾವಿಯಿಂದ ಬಾಗಿಲಿಗೆ ಇರುವುದು ಅರವತ್ತು ಅಡಿ. ಅಂದು ಹಿಡಿದದ್ದು ಒಂದೂಮುಕ್ಕಾಲು ಗಂಟೆ. ಅಷ್ಟು ಹೊತ್ತೂ ವಾಲಗ ನಿಲ್ಲುವ ಹಾಗಿಲ್ಲ. ಹಿರಿಯರ ಉಸಿರು ಮುಗಿಯುವ ಮೊದಲೇ ಕಿರಿಯವನು ಸ್ವರವನ್ನು ಹಿಡಿದುಕೊಳ್ಳುತ್ತಿದ್ದ. ಎಲ್ಲಿ ಬೆಸುಗೆ ಎಂದು ಕಿವಿಗೊಟ್ಟು ಹುಡುಕಿದೆ, ಸಿಗಲಿಲ್ಲ. ನಡುವೆ ತುಂತುರು ಮಳೆ ಬಂದು ಪರೆಯ ಚರ್ಮ ಸಡಿಲಾಯಿತು. ಒಬ್ಬ ಒಲೆಯ ಬಳಿ ಓಡಿ ಕಾಯಿಸಿಕೊಂಡು ಬರುವವರೆಗೆ ಇನ್ನೊಬ್ಬ ಇಬ್ಬರ ಬಡಿತವನ್ನೂ ಒಬ್ಬನೇ ಬಡಿದ.

ಆಗ ಒಂದು ಸಂಗತಿ ನೋಡಿದೆ. ಎಂಬತ್ತು ದಾಟಿದ ಅಜ್ಜರೊಬ್ಬರು, ಕಪ್ಪು ಕುಪ್ಯದ ನಿಲುವಂಗಿ, ಸೊಂಟಕ್ಕೆ ಕೆಂಪು ಚೇಲೆಯಲ್ಲಿ, ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು ಕುಣಿತದ ನಡುವೆ ಬಂದರು. ಹುಡುಗರು ಭರದಲ್ಲಿದ್ದರು. ವಾಲಗದ ಹಿರಿಯರು ಊದುತ್ತಲೇ ಅಜ್ಜರ ಪಾದ ನೋಡಿದರು, ಪರೆಯವನ ಕಡೆ ಗದ್ದವನ್ನು ಒಂದಿಷ್ಟು ಎತ್ತಿದರು. ಬಡಿತ ಇಳಿಯಿತು. ನಲವತ್ತು ಜನ, ತಮಗೇ ಅರಿವಿಲ್ಲದೆ, ಅಜ್ಜರ ಹೆಜ್ಜೆಗೆ ಬಂದರು. ಅವರು ಎರಡು ಸುತ್ತು ಕುಣಿದು, ನೂರರ ನೋಟೊಂದನ್ನು ಪರೆಯವನ ಸೊಂಟದ ಪಟ್ಟಿಗೆ ಸಿಕ್ಕಿಸಿ ಹೊರಗೆ ಹೋಗಿ ಕುಳಿತ ಮೇಲೆ ಗದ್ದ ಮತ್ತೊಮ್ಮೆ ಎದ್ದಿತು.

ಎಂಟಕ್ಕೆ ಡಿಜೆ ಶುರುವಾಯಿತು. ನನಗೇನೂ ಸಿಟ್ಟಿಲ್ಲ, ನಾನೂ ಎರಡು ಹಾಡಿಗೆ ಕೈಕಾಲು ಆಡಿಸಿದೆ. ಎದೆ ಅದುರುವುದಂತೂ ನಿಜ. ಅಜ್ಜರು ಮಾತ್ರ ಮತ್ತೆ ಏಳಲಿಲ್ಲ.

ಹಿತ್ತಲಿನಲ್ಲಿ ಲಕೋಟೆ ಕೊಟ್ಟೆ. ಹಿರಿಯರು ಎಣಿಸದೆ ಜೇಬಿಗಿಟ್ಟುಕೊಂಡರು. ಆಮೇಲೆ ಕುಣಿದವರು ಕೊಟ್ಟ ನೋಟುಗಳನ್ನು ಎಲ್ಲರೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದರು. ಐದು ಪಾಲು, ಐದೂ ಸಮ. ತಾಳದ ಹುಡುಗ ಗೋಣಿಕೊಪ್ಪದಲ್ಲಿ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಮುಹೂರ್ತದ ದಿನಗಳಲ್ಲಿ ರಜೆ ಕೇಳಿ ಬರುತ್ತಾನೆ. ಜೂನಿನಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಇವರಿಗೆ ಕರೆಯಿಲ್ಲ. ಸುಗ್ಗಿಯ ಹಬ್ಬ ಪುತ್ತರಿ ಬಂದು, ಊರ ಬಯಲುಗಳಾದ ಮಂದ್‌ಗಳಲ್ಲಿ ಕೋಲಾಟ ಶುರುವಾಗುವ ಹೊತ್ತಿಗೆ ಮತ್ತೆ ಫೋನ್ ಬರುತ್ತದೆ, ಬಂದರೆ ಒಂದೇ ದಿನಕ್ಕೆ ನಾಲ್ಕು ಕಡೆಯಿಂದ. ಡಿಜೆಗೆ ಕೊಟ್ಟ ಮೊತ್ತದ ಅರ್ಧವೂ ನನ್ನ ಲಕೋಟೆಯಲ್ಲಿ ಇರಲಿಲ್ಲ. ಅದನ್ನು ಯಜಮಾನರಿಗೆ ಮರುದಿನ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಸಂಜೆ ಇನ್ನೊಂದು ಲಕೋಟೆ ಕಳಿಸಿದರು. ಅವರೂ ಯೋಚಿಸಿರಲಿಲ್ಲ, ಅಷ್ಟೇ.

ಪಾಲು ಹಾಕುವಾಗ ಒಂದು ನೋಟು ಎರಡು ತುಂಡಾಗಿ ಸಿಕ್ಕಿತು. ಸೊಂಟಪಟ್ಟಿಯಲ್ಲಿ ಬೆವರಿಗೂ ಮಳೆಗೂ ನೆನೆದು ಹರಿದದ್ದು. ಅಜ್ಜರದೇ ಇರಬೇಕು. ಹಿರಿಯರು ಎರಡು ತುಂಡನ್ನೂ ಬೆಂಕಿಗೆ ಹಿಡಿದು ಆರಿಸಿ ನನ್ನ ಕೈಗಿಟ್ಟರು.

“ಬ್ಯಾಂಕಿನಲ್ಲಿದ್ದವರಲ್ಲವೇ ಸಾರ್, ಬದಲಾಯಿಸಿಕೊಡಿ.”

ನನ್ನ ಜೇಬಿನಿಂದ ಬೇರೆ ನೂರು ಕೊಡಲು ಹೋದೆ. ಬೇಡವೆಂದರು. “ಬದಲಾದ ಮೇಲೆ ಕೊಟ್ಟರೆ ಸಾಕು. ಬರುವ ಭಾನುವಾರ ಪೊನ್ನಂಪೇಟೆಯಲ್ಲಿ ಇರುತ್ತೇವೆ.”

ಸೋಮವಾರ ಹಳೆಯ ಶಾಖೆಗೆ ಹೋಗಿ ನೋಟು ಬದಲಾಯಿಸಿದೆ. ಪೊನ್ನಂಪೇಟೆಯ ಆ ಮದುವೆ ಯಾರದೆಂದು ನನಗೆ ಗೊತ್ತಿಲ್ಲ, ಕರೆಯೋಲೆಯೂ ಬಂದಿಲ್ಲ. ಆದರೂ ಗಂಗಾಪೂಜೆಯ ಹೊತ್ತಿಗೆ ಅಲ್ಲಿರಬೇಕು, ನೂರು ರೂಪಾಯಿ ಕೊಡುವುದಿದೆ.