ಸಂಪಾಜೆ ಘಾಟಿ ಹತ್ತಿದ ಮೇಲೆ ಕುದಿಯುತ್ತಿದ್ದ ಕಾರು

ಹಳೆಯ ಸಣ್ಣ ಕಾರು ಬಿಸಿಯಾಗುತ್ತದೆ ಎಂದು ಗ್ಯಾರೇಜಿಗೆ ಹೋಗಿ ಹೇಳಿದರೆ ಉತ್ತರವಾಗಿ ಸಿಗುವುದು ಸಾಮಾನ್ಯವಾಗಿ ಯಾವುದಾದರೊಂದು ಬಿಡಿಭಾಗದ ಹೆಸರು. ನನ್ನ 1999ರ ಮಾರುತಿ 800ರ ವಿಷಯದಲ್ಲಿ ಒಬ್ಬರು ನೀರು ಬಿಸಿಯಾದಾಗ ಫ್ಯಾನನ್ನು ಚಾಲೂ ಮಾಡುವ ಫ್ಯಾನ್ ಸ್ವಿಚ್ ಎಂದರು, ಅದನ್ನು ಬದಲಿಸಿಯೂ ಬಿಟ್ಟರು. ಇನ್ನೊಬ್ಬರು, "ವಾಲ್ವ್ ತೆಗೆದು ಬಿಸಾಡುವ ಸಾರ್, ನಮ್ಮ ಈ ಸೆಖೆಗೆ ಅದು ಎಂತಕ್ಕೆ?" ಎಂದು, ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟಿನ ಕಡೆ ಕೈ ತೋರಿಸಿದರು. ಮೂರನೆಯವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಭಾಗವಾದ ಹೆಡ್ಡಿಗೂ ನಡುವಿನ ಪದರ) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ಮೈಯನ್ನು ಸಮತಟ್ಟಾಗಿ ಉಜ್ಜಿಸಬೇಕು ಎಂದರು. ಮೂವರೂ ಕೆಲಸ ಬಲ್ಲವರೇ. ಆದರೆ ಕಾರು ಯಾವಾಗ ಬಿಸಿಯಾಗುತ್ತದೆ, ಊರೊಳಗೆ ನಿಂತಾಗಲೋ, ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೋ, ಏರು ಹತ್ತುವಾಗಲೋ ಎಂದು ಒಬ್ಬರೂ ಕೇಳಲಿಲ್ಲ.

ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಪತ್ತೆ ಇರುತ್ತದೆ. ಕಾರು ನಿಂತಾಗ ಬಿಸಿಯಾಗಿ ಓಡುವಾಗ ತಣ್ಣಗಾದರೆ ಅನುಮಾನ ಫ್ಯಾನಿನ ಮೇಲೆ ಹೋಗಬೇಕು, ಏಕೆಂದರೆ ಓಡುವ ಕಾರಿಗೆ ಗಾಳಿ ತಾನಾಗಿಯೇ ಸಿಗುತ್ತದೆ. ನಿಂತಾಗ ಸರಿಯಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ಬೆಲ್ಟ್ ಸಡಿಲವಾಗಿರಬಹುದು, ಇಲ್ಲವೇ ನೀರೇ ಸಾಕಷ್ಟು ಇರಲಿಕ್ಕಿಲ್ಲ. ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿ, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಮಾತ್ರ ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕುಳಿತಿದೆ ಎಂದು ಊಹಿಸಬಹುದು.

ನನ್ನ ಕಾರಿನ ನಡವಳಿಕೆ ಎರಡನೆಯದಕ್ಕೆ ಹತ್ತಿರವಿದ್ದರೂ ಪೂರ್ತಿ ಹೊಂದುತ್ತಿರಲಿಲ್ಲ. ಪುತ್ತೂರಿನ ಪೇಟೆಯಲ್ಲಿ ಅದು ಬಿಸಿಯಾಗುತ್ತಿರಲಿಲ್ಲ. ಸುಳ್ಯದವರೆಗೆ ಮುಳ್ಳು ಮಧ್ಯದಿಂದ ಕದಲುತ್ತಿರಲಿಲ್ಲ. ಸಂಪಾಜೆ ದಾಟಿ ಘಾಟಿ ಹತ್ತಲು ತೊಡಗಿದ ಮೇಲೆ ನಿಧಾನವಾಗಿ ಏರುತ್ತಿತ್ತು, ಮಡಿಕೇರಿ ಹತ್ತಿರವಾಗುವಾಗ ಬಾನೆಟ್ಟಿನ ಕೆಳಗಿನಿಂದ ಗುಳುಗುಳು ಸದ್ದು ಕೇಳುತ್ತಿತ್ತು, ಎಂಜಿನ್ ತಂಪಾಗಿಡಲು ನೀರಿಗೆ ಬೆರೆಸುವ ಕೂಲೆಂಟಿನ ಸಿಹಿ ವಾಸನೆ ಬರುತ್ತಿತ್ತು. ಇದಕ್ಕಿಂತ ವಿಚಿತ್ರವೆಂದರೆ, ಕುದಿಯುವ ಸದ್ದು ಜೋರಾಗುತ್ತಿದ್ದ ಹೊತ್ತಿನಲ್ಲೇ ಮುಳ್ಳು ಕೆಳಗಿಳಿದಿತ್ತು, ಫ್ಯಾನ್ ಮಾತ್ರ ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಭಾವ, "ಇಳಿಯಿತಲ್ಲ, ಇನ್ನೇನು ತೊಂದರೆ ಇಲ್ಲ" ಎಂದ. ಎಂಜಿನ್ ಕುದಿಯುವಾಗ ಮುಳ್ಳು ಇಳಿಯುವುದು ಸಮಾಧಾನದ ಸೂಚನೆಯಲ್ಲವೆಂದು ನಾನು ಅಲ್ಲಿಯೇ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಏನನ್ನೂ ಬಿಚ್ಚದೆ ಬಹಳ ಹೊತ್ತು ಕಾದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಬಟ್ಟೆ ಸುತ್ತಿ ತೆರೆಯುವ ಧೈರ್ಯವನ್ನು ನಾನು ಮೆಚ್ಚುವುದಿಲ್ಲ. ಕುದಿಯುವ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿದು ಅಲ್ಯೂಮಿನಿಯಂ ಹೆಡ್ಡನ್ನು ತಾವೇ ಸೊಟ್ಟಗೆ ಮಾಡಿಕೊಂಡವರನ್ನೂ ಘಾಟಿಯಲ್ಲಿ ಕಂಡಿದ್ದೇನೆ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರವನ್ನು ಪೂರ್ತಿ ಇದಕ್ಕಾಗಿಯೇ ಎತ್ತಿಟ್ಟೆ. ಹಿಂದಿನ ಸಂಜೆ ಕಾರನ್ನು ಒಂದಷ್ಟು ದೂರ ಓಡಿಸಿ ತಂದು, ಕೂಲೆಂಟಿನ ರಿಸರ್ವ್ ಬಾಟಲಿಯ ಮೇಲೆ ನೀರು ನಿಂತ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದಿದ್ದೆ. ಕೂಲಿಂಗ್ ವ್ಯವಸ್ಥೆ ಸರಿಯಾಗಿದ್ದರೆ ಎಂಜಿನ್ ಬಿಸಿಯಾದಾಗ ಹಿಗ್ಗಿದ ನೀರು ರೇಡಿಯೇಟರ್ ಮುಚ್ಚಳದ ಒತ್ತಡದ ಕವಾಟವನ್ನು ಎತ್ತಿ ಈ ಬಾಟಲಿಗೆ ಹೋಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುವಾಗ ಅದೇ ನೀರು ರೇಡಿಯೇಟರಿಗೆ ಹಿಂದೆ ಬರುತ್ತದೆ. ಬೆಳಿಗ್ಗೆ ಬಾಟಲಿಯ ಮಟ್ಟ ಗೆರೆಗಿಂತ ಕೆಳಗಿರಬೇಕು.

ಬೆಳಿಗ್ಗೆ ನೋಡಿದರೆ ನೀರು ಗೆರೆಯ ಮಟ್ಟದಲ್ಲೇ ಇತ್ತು. ರೇಡಿಯೇಟರಿಗೆ ಸೇರುವ ಮೇಲಿನ ಹೋಸ್ ಮಧ್ಯದಲ್ಲಿ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಎರಡು ಗೋಡೆಗಳೂ ಒಂದಕ್ಕೊಂದು ತಾಗುತ್ತಿದ್ದವು. ಮುಚ್ಚಳವನ್ನು ತಿರುಗಿಸಿದ ಕೂಡಲೇ ಗಾಳಿ ಒಳಗೆ ನುಗ್ಗುವ ಸಣ್ಣ ಸೀಟಿಯಂಥ ಸದ್ದಾಯಿತು, ಹೋಸ್ ಮೆಲ್ಲನೆ ಮತ್ತೆ ಗುಂಡಗಾಯಿತು. ರೇಡಿಯೇಟರಿನ ಬಾಯಿಯಲ್ಲಿ ಇಣುಕಿದಾಗ ನೀರು ಕಾಣಿಸಲಿಲ್ಲ. ತುಂಬಿಸುತ್ತಾ ಹೋದರೆ ಮುಕ್ಕಾಲು ಲೀಟರಿಗೂ ಹೆಚ್ಚು ಹಿಡಿಯಿತು. ಇಷ್ಟು ಖಾಲಿಯಾಗಿದ್ದರೂ ಹೊರಗೆ ಎಲ್ಲಿಯೂ ಸೋರಿದ ಗುರುತಿರಲಿಲ್ಲ, ರಿಸರ್ವ್ ಬಾಟಲಿ ತುಂಬಿದಂತೆಯೇ ಇತ್ತು. ಸರ್ವಿಸಿಗೆ ಬಿಟ್ಟಾಗಲೆಲ್ಲ ಬಾಟಲಿಯನ್ನು ಮಾತ್ರ ನೋಡಿ, ನೀರು ಸರಿಯಿದೆ ಎಂದು ಬರೆದು ಕೊಡುತ್ತಿದ್ದದ್ದು ಇದನ್ನೇ.

ಅಲ್ಲಿಗೇ ಮುಚ್ಚಳದ ಮೇಲೆ ತೀರ್ಪು ಕೊಡಬಹುದಿತ್ತು. ಆದರೆ ಹೆಡ್ ಗ್ಯಾಸ್ಕೆಟ್ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಅದನ್ನು ಪರೀಕ್ಷಿಸದೆ ಬಿಡಲಾಗುವುದಿಲ್ಲ. ಗ್ಯಾಸ್ಕೆಟ್ ಸೀಳಿದ್ದರೂ ನೀರು ಹೊರಗೆ ಸೋರದೆ ಕಡಿಮೆಯಾಗುತ್ತದೆ ಎಂಬುದು ನಿಜ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲಿಯಾಗಲಿ, ಆಯಿಲ್ ಹಾಕುವ ಬಾಯಿಯ ಮುಚ್ಚಳದ ಒಳಬದಿಯಲ್ಲಿಯಾಗಲಿ, ಆಯಿಲ್ಲಿಗೆ ನೀರು ಸೇರಿದರೆ ಬರುವ ಹಾಲು ಬೆರೆತಂಥ ಬಣ್ಣ ಇರಲಿಲ್ಲ. ಮೂರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿದೆ. ಒಂದು ಸಿಲಿಂಡರಿಗೆ ನೀರು ಹೋಗುತ್ತಿದ್ದರೆ ಅದರ ಪ್ಲಗ್ಗು ಹಬೆಯಲ್ಲಿ ತೊಳೆದಂತೆ ಬಿಳುಚಿಕೊಂಡಿರುತ್ತದೆ. ಇಲ್ಲಿ ಮೂರರ ತುದಿಯೂ ಒಂದೇ ಕಂದು ಬಣ್ಣಕ್ಕಿದ್ದವು. ಕೊನೆಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ರೇಡಿಯೇಟರನ್ನು ಕತ್ತಿನವರೆಗೆ ತುಂಬಿಸಿ, ಮುಚ್ಚಳ ಹಾಕದೆ ಚಾಲೂ ಮಾಡಿದೆ. ಮೊದಲು ಕೆಲವು ಗುಳ್ಳೆಗಳು ಎದ್ದವು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬರುವಾಗ ಅವು ಏಳಲೇಬೇಕು. ಆಮೇಲೆ ನಿಂತುಹೋದವು. ಆಕ್ಸಿಲರೇಟರ್ ಒತ್ತಿದಾಗಲೂ ಮತ್ತೆ ಬರಲಿಲ್ಲ. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆ ನಿಲ್ಲುತ್ತಲೇ ಇರಲಿಲ್ಲ. ಹೆಡ್ ಇಳಿಸುವ ಖರ್ಚು ಅಲ್ಲಿಗೆ ತಪ್ಪಿತು.

ಹಳೆಯ ಮುಚ್ಚಳವನ್ನೇ ಹಾಕಿ ಎಂಜಿನನ್ನು ಓಡಲು ಬಿಟ್ಟು ಮೇಲಿನ ಹೋಸಿನ ಮೇಲೆ ಆಗಾಗ ಕೈಯಿಟ್ಟು ನೋಡುತ್ತಿದ್ದೆ. ಮುಳ್ಳು ಸ್ವಲ್ಪ ಏರುವವರೆಗೂ ಅದು ಉಗುರುಬೆಚ್ಚಗೆ ಮಾತ್ರ ಇತ್ತು. ಅನಂತರ ಇದ್ದಕ್ಕಿದ್ದಂತೆ ಕೈ ಇಡಲಾರದಷ್ಟು ಬಿಸಿಯಾಯಿತು. ಥರ್ಮೋಸ್ಟಾಟ್ ತೆರೆಯಬೇಕಾದ ಹೊತ್ತಿಗೆ ತೆರೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗಾಗಿ ಅದನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ ನೋಡುವ ಅಗತ್ಯವೂ ಬೀಳಲಿಲ್ಲ. ಸೆಖೆಯ ಊರಿನಲ್ಲಿ ಅದು ಬೇಡವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ತೆಗೆದ ಕಾರು ಕುದಿಯುವುದು ತಡವಾಗಬಹುದು, ಆದರೆ ಎಂಜಿನ್ ತನ್ನ ಹದಕ್ಕೆ ಬರುವುದೂ ತಡವಾಗುತ್ತದೆ, ಅಷ್ಟು ಹೊತ್ತೂ ಪೆಟ್ರೋಲು ಹೆಚ್ಚು ಸುಡುತ್ತದೆ. ನಿಜವಾದ ದೋಷ ಎಲ್ಲಿದೆಯೋ ಅಲ್ಲಿಯೇ ಉಳಿಯುತ್ತದೆ.

ಮುಂದಿನದು ಫ್ಯಾನ್. ಸ್ವಿಚ್ಚಿನ ತಂತಿ ಕಳಚಿ ನೇರವಾಗಿ ಜೋಡಿಸಿದಾಗ ಫ್ಯಾನ್ ತಿರುಗಿತು. ಎಂದರೆ ಮೋಟಾರು, ಫ್ಯೂಸು ಎರಡೂ ಸರಿಯಾಗಿದ್ದವು. ತಂತಿಯನ್ನು ಮೊದಲಿನಂತೆ ಸಿಕ್ಕಿಸಿ ಕಾಯುತ್ತಾ ಕುಳಿತೆ. ನೀರು ಪೂರ್ತಿ ತುಂಬಿದ್ದ ಆ ಹೊತ್ತಿನಲ್ಲಿ ಫ್ಯಾನ್ ತಾನಾಗಿಯೇ ಚಾಲೂ ಆಯಿತು, ಮುಳ್ಳು ಒಂದಿಷ್ಟು ಇಳಿದ ಮೇಲೆ ನಿಂತಿತು, ಮತ್ತೆ ತಿರುಗಿತು. ಘಾಟಿಯಲ್ಲಿ ತಿರುಗದಿದ್ದ ಅದೇ ಫ್ಯಾನ್, ಅದೇ ಸ್ವಿಚ್. ಮಡಿಕೇರಿ ರಸ್ತೆಯ ವಿಚಿತ್ರಕ್ಕೆ ಅರ್ಥ ಸಿಕ್ಕಿದ್ದು ಆಗ. ಫ್ಯಾನಿನ ಸ್ವಿಚ್ಚೂ ಮೀಟರಿನ ಸೆನ್ಸರೂ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತವೆ. ನೀರು ಕಡಿಮೆಯಾಗಿ ಅವುಗಳ ಸುತ್ತ ಹಬೆ ಮತ್ತು ಗಾಳಿ ತುಂಬಿಕೊಂಡರೆ ಲೋಹ ಸುಡುತ್ತಿದ್ದರೂ ಅವುಗಳಿಗೆ ಆ ಬಿಸಿ ಸರಿಯಾಗಿ ಮುಟ್ಟುವುದಿಲ್ಲ. ಕುದಿಯುತ್ತಿದ್ದಾಗ ಮುಳ್ಳು ಇಳಿದದ್ದು, ಫ್ಯಾನ್ ಸುಮ್ಮನಿದ್ದದ್ದು, ಹೊಸ ಸ್ವಿಚ್ ಹಾಕಿದರೂ ಏನೂ ಬದಲಾಗದೆ ಇದ್ದದ್ದು, ಎಲ್ಲವೂ ಒಂದೇ ಕಾರಣದಿಂದ.

ಹಾಗಿದ್ದರೆ ನೀರು ಹೋಗುತ್ತಿದ್ದದ್ದು ಹೇಗೆ? ರೇಡಿಯೇಟರಿನ ಕತ್ತಿನಿಂದ ಬಾಟಲಿಗೆ ಹೋಗುವ ಸಣ್ಣ ರಬ್ಬರ್ ನಳಿಗೆಯನ್ನು ಕಳಚಿ ಊದಿದೆ. ಬಾಟಲಿಯೊಳಗೆ ಗುಳ್ಳೆ ಎದ್ದವು, ನಳಿಗೆ ಕಟ್ಟಿರಲಿಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಮುಚ್ಚಳವನ್ನು ತೆಗೆದು ಬೆಳಕಿಗೆ ಹಿಡಿದೆ. ಒಳಬದಿಯಲ್ಲಿ ದೊಡ್ಡ ಸ್ಪ್ರಿಂಗಿನ ತುದಿಗೆ ರಬ್ಬರ್ ವಾಷರ್, ಅದರ ನಡುವೆ ಗುಂಡಿಯಷ್ಟು ಅಗಲದ ಇನ್ನೊಂದು ಪುಟ್ಟ ಕವಾಟ. ಎಂಜಿನ್ ತಣಿಯುವಾಗ ಬಾಟಲಿಯ ನೀರನ್ನು ಒಳಗೆ ಬಿಡುವುದು ಈ ಪುಟ್ಟ ಕವಾಟ. ಉಗುರಿನಿಂದ ಎಳೆದರೆ ಅದು ಸುಲಭವಾಗಿ ಬಿಚ್ಚಿಕೊಂಡು, ಬಿಟ್ಟ ಕೂಡಲೇ ಸರಕ್ಕನೆ ಮುಚ್ಚಿಕೊಳ್ಳಬೇಕು. ನನ್ನದರ ಸುತ್ತ ತುಕ್ಕಿನ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು, ಎಳೆದರೂ ಕದಲಲಿಲ್ಲ. ದೊಡ್ಡ ಸ್ಪ್ರಿಂಗೋ, ಎರಡು ಬೆರಳಿನಲ್ಲಿ ಒತ್ತಿದರೆ ಪ್ರತಿರೋಧವಿಲ್ಲದೆ ಕುಗ್ಗುತ್ತಿತ್ತು. ಬಿಸಿಯಾದಾಗ ಬೇಗನೆ ಸೋತು ನೀರನ್ನು ಹೊರಗೆ ಬಿಡುವ, ತಣ್ಣಗಾದಾಗ ಹಿಂದೆ ಬಿಡದ ಮುಚ್ಚಳ. ಬಾಟಲಿ ತುಂಬಿ, ರೇಡಿಯೇಟರ್ ಖಾಲಿಯಾಗಿ, ಹೋಸ್ ಚಪ್ಪಟೆಯಾದದ್ದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ಪುತ್ತೂರಿನಲ್ಲಿ ಸುಮ್ಮನಿದ್ದದ್ದು ಮಡಿಕೇರಿಯಲ್ಲಿಯೇ ಏಕೆ ಕುದಿಯಬೇಕು ಎಂಬುದಕ್ಕೂ ಮುಚ್ಚಳದಲ್ಲೇ ಉತ್ತರವಿದೆ. ಇದು ಕುಕ್ಕರಿನ ವೆಯ್ಟಿನ ಲೆಕ್ಕವೇ. ಆ ಮುಚ್ಚಳದ ಮೇಲೆ 0.9 ಎಂದು ಕೆತ್ತಿದೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಚದರ ಸೆಂಟಿಮೀಟರಿಗೆ 0.9 ಕಿಲೋದಷ್ಟು ಹೆಚ್ಚಿನ ಒತ್ತಡವನ್ನು ಅದು ತಡೆದು ಹಿಡಿಯಬೇಕು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ಬರಿಯ ನೀರು ಆ ಒತ್ತಡದಲ್ಲಿ 118 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆದರೂ ಮುಚ್ಚಳ ಗಟ್ಟಿಯಿದ್ದರೆ ಎಂಜಿನ್ನಿಗೆ 115ರವರೆಗೆ ಆಸರೆ ಇರುತ್ತದೆ. ಕೂಲೆಂಟು ಬೆರೆಸಿದರೆ ಇನ್ನೂ ಕೆಲವು ಡಿಗ್ರಿ ಸೇರಬಹುದು, ಆದರೆ ದೊಡ್ಡ ಪಾಲು ಒತ್ತಡದ್ದೇ. ಒತ್ತಡವನ್ನು ಹಿಡಿಯದ ಮುಚ್ಚಳದೊಂದಿಗೆ, ಎರಡನೇ ಗೇರಿನಲ್ಲಿ, ನಾಲ್ಕು ಜನರನ್ನೂ ಹಿಂದಿನ ಸೀಟಿನ ಕೆಳಗೆ ತೆಂಗಿನಕಾಯಿಯ ಚೀಲವನ್ನೂ ಹೊತ್ತು 796 ಸಿಸಿಯ ಎಂಜಿನ್ ಅಷ್ಟು ಎತ್ತರಕ್ಕೆ ಹತ್ತಿದರೆ 96 ಡಿಗ್ರಿ ಮುಟ್ಟುವುದು ದೊಡ್ಡ ಸಂಗತಿಯೇನಲ್ಲ.

ಹೊಸ ಮುಚ್ಚಳ ತರಲು ಹೋದಾಗ ಅಂಗಡಿಯವರು ಕೊಟ್ಟದ್ದು 1.1 ಎಂದು ಬರೆದಿದ್ದ ಮುಚ್ಚಳವನ್ನು. "ಇದು ಇನ್ನೂ ಗಟ್ಟಿ ಸಾರ್, ಅಳತೆ ಎಲ್ಲ ಒಂದೇ" ಎಂದರು. ಅಳತೆ ಒಂದೇ ಆಗಿದ್ದರೂ ಇಪ್ಪತ್ತು ವರ್ಷ ದಾಟಿದ ರೇಡಿಯೇಟರ್ ಮತ್ತು ಹೋಸುಗಳ ಮೇಲೆ ತಯಾರಕರು ಹೇಳಿದ್ದಕ್ಕಿಂತ ಹೆಚ್ಚಿನ ಒತ್ತಡ ಹಾಕಿದರೆ ಮುಂದಿನ ಸೋರಿಕೆಯನ್ನು ನಾವೇ ಕರೆದಂತಾಗುತ್ತದೆ ಎಂದು ಹಟ ಹಿಡಿದು 0.9ರದ್ದನ್ನೇ ಹುಡುಕಿಸಿದೆ. ಈ ಕಾರಿನ ತಯಾರಿಕೆ 2014ರವರೆಗೂ ನಡೆದದ್ದರಿಂದ ಇಂಥ ಬಿಡಿಭಾಗಗಳಿಗೆ ಇನ್ನೂ ಬರ ಬಂದಿಲ್ಲ. ಇನ್ನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು. ಮೇಲಿನ ಹೋಸ್ ನಿತ್ಯ ಚಪ್ಪಟೆಯಾಗಿ ಒಳಪದರ ಬಿರುಕು ಬಿಟ್ಟಿದ್ದರಿಂದ ಅದನ್ನೂ ಬದಲಿಸಿದೆ. ಬಾವಿಯ ನೀರನ್ನೇ ತುಂಬಿಸುತ್ತಾ ಬಂದ ಹಿಂದಿನ ಮಾಲೀಕರ ಕೊಡುಗೆಯಾದ ಕೆಂಪು ಕೆಸರನ್ನು, ರೇಡಿಯೇಟರಿನ ಅಡಿಯ ತಿರುಪು ಬಿಚ್ಚಿ, ತಿಳಿಯಾಗುವ ತನಕ ತೊಳೆದು, ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿ ತುಂಬಿಸಿದೆ. ತುಂಬಿಸುವಾಗ ಕಾರಿನ ಮೂತಿಯನ್ನು ಅಂಗಳದ ಏರು ಭಾಗಕ್ಕೆ ಮಾಡಿ, ಹೀಟರನ್ನು ಬಿಸಿಗೆ ತಿರುಗಿಸಿ, ಒಳಗಿನ ಗಾಳಿ ಪೂರ್ತಿ ಹೊರಬರುವ ತನಕ ಮುಚ್ಚಳ ಹಾಕಲಿಲ್ಲ.

ಅನಂತರದ ವಾರ ಭಾವನನ್ನು ಮತ್ತೆ ಜೊತೆಗೆ ಕರೆದುಕೊಂಡು ಅದೇ ಘಾಟಿ ಹತ್ತಿದೆ. ಸಂಪಾಜೆಯಿಂದ ಮೇಲೆ ಮುಳ್ಳು ಮಧ್ಯಕ್ಕಿಂತ ಸ್ವಲ್ಪವೇ ಮೇಲೇರಿ ನಿಂತಿತು, ತಿರುವುಗಳಲ್ಲಿ ನಿಧಾನಿಸಿದಾಗ ಫ್ಯಾನಿನ ಸದ್ದು ಕೇಳಿಸಿತು. ಮಡಿಕೇರಿಯಲ್ಲಿ ನಿಲ್ಲಿಸಿ ನೋಡಿದಾಗ ಬಾಟಲಿಯ ನೀರು ಹೊರಡುವಾಗಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿತ್ತು, ಮರುದಿನ ಬೆಳಿಗ್ಗೆ ಆ ಮಟ್ಟಕ್ಕೇ ಇಳಿದಿತ್ತು. ಆದರೆ ಏಸಿ ಹಾಕಿಕೊಂಡು ಹತ್ತಿದರೆ ಮುಳ್ಳು ಈಗಲೂ ನನಗೆ ಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ರೇಡಿಯೇಟರಿನ ಕೆಳಗಿನ ಭಾಗದಲ್ಲಿ ಬಿಸಿಯನ್ನು ಗಾಳಿಗೆ ಬಿಡುವ ತೆಳು ಹಲ್ಲುಗಳು ಕೈ ತಾಗಿದರೆ ಪುಡಿಯಾಗುವಷ್ಟು ಸವೆದಿವೆ. ಮಳೆಗಾಲದಲ್ಲಿ ಅದು ಹೇಗೋ ನಡೆಯುತ್ತದೆ, ಫೆಬ್ರವರಿಯ ಬಿಸಿಲು ಏರುವ ಮೊದಲು ಹೊಸ ರೇಡಿಯೇಟರ್ ಹಾಕಿಸಬೇಕು.